ರಂಧ್ರಾನ್ವೇಷಿಗಳು

ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನವಿಲ್ಲದಿರಬಹುದು, ವಾಚನಾಲಯವಿಲ್ಲದಿರಬಹುದು. ಆದರೆ ನಿವೃತ್ತಿವೇತನವನ್ನು ಪಡೆಯುತ್ತ, ಮೃದುಭಾಷಿಗಳೆಂದು ಖ್ಯಾತಿವೆತ್ತು, ಅಂಗಳದಲ್ಲಿ ಇರುವೆಯ ಸಾಲು ಕಂಡರೆ ಬಳಸಿ ನಡೆಯುವಷ್ಟು ದಯಾಳುಗಳಾಗಿದ್ದೂ, ಕಾಂಕ್ರೀಟನ್ನು ಕಂಡೊಡನೆ ಮಾತ್ರ ಪೂರ್ವಜನ್ಮದ ವೈರವು ಮರುಕಳಿಸಿತೋ ಎಂಬಂತೆ ಕೆರಳಿ ನಿಲ್ಲುವ ರಾಯರೊಬ್ಬರು ಇಲ್ಲದಿರುವುದು ಸಾಧ್ಯವಿಲ್ಲ. ಜರ್ಮನಿಯಲ್ಲಿರುವ ಅಳಿಯನು ತಂದುಕೊಟ್ಟ ರೋಟರಿ ಹ್ಯಾಮರ್ ಅವರ ಮನೆಯಲ್ಲಿ, ಬೆಳ್ಳಿಯ ಪಾತ್ರೆಗಳಿರುವ ಬೀರುವಿನಲ್ಲಿಯೇ ವಾಸವಾಗಿರುತ್ತದೆ. ಅದನ್ನು ಅವರು ಯಾರಿಗೂ ಎರವಲು ಕೊಡುವವರಲ್ಲ. ಕೇಳಿದವರಿಗೆ ಯಂತ್ರಸಮೇತರಾಗಿ ತಮ್ಮನ್ನೇ ಕೊಟ್ಟುಕೊಳ್ಳುವವರು.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ, ನಗರದ 60×40 ಅಡಿ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾದಾಗ, ಬೀದಿಗೆ ಬೀದಿಯೇ ಖರ್ಚನ್ನು ನೆನೆದು ನಿಟ್ಟುಸಿರುಬಿಟ್ಟಿತು; ಅರಳಿದುದು ರಾಯರ ಮುಖವೊಂದೇ. ತಾರಸಿಯ ನೀರು ಸಂಪಿಗೆ ಇಳಿಯಬೇಕಾದರೆ 110 ಮಿಲಿಮೀಟರಿನ ಪಿವಿಸಿ ಪೈಪು ಸಂಪಿನ ಕಾಂಕ್ರೀಟನ್ನು ಭೇದಿಸಿಯೇ ಹೋಗಬೇಕಷ್ಟೆ! ಕಾಂಕ್ರೀಟು ಸುರಿಯುವ ಮುನ್ನ ಅಲ್ಲೊಂದು ಪೈಪಿನ ತುಂಡನ್ನು ಅಡ್ಡಲಾಗಿ ಇಟ್ಟಿದ್ದರೆ ಯಾರ ಉಪಕಾರವೂ ಬೇಕಿರಲಿಲ್ಲ. “ಆಮೇಲೆ ಹೊಡೆದರಾಯ್ತು ಬಿಡಿ ಸಾರ್” ಎಂದು ಅಂದಿನ ಮೇಸ್ತ್ರಿ ಆಡಿ ಮರೆತ ಮಾತಿನ ಮೇಲೆಯೇ ರಾಯರಂಥವರ ಕೀರ್ತಿಸೌಧವೆಲ್ಲ ನಿಂತಿರುವುದು.

ಕಾರ್ಯಾರಂಭಕ್ಕೆ ಮುನ್ನ ಉಪನ್ಯಾಸ. ಸಾಧಾರಣ ಡ್ರಿಲ್ಲು ಗೋಡೆಯನ್ನು ಕೆರೆಯುತ್ತದೆಂದೂ, ಇದಾದರೋ ಗುದ್ದುತ್ತದೆಂದೂ, ಒಳಗಿನ ಪಿಸ್ಟನ್ನು ಮುಂದೆ ನುಗ್ಗಿದಾಗ ನಡುವೆ ಸಿಕ್ಕಿಕೊಂಡ ಗಾಳಿಯು ಅದುಮಲ್ಪಟ್ಟು ಚಿಮ್ಮಿ ಇನ್ನೊಂದು ಉಕ್ಕಿನ ತುಂಡನ್ನು ಕೊರೆಯುವ ಬಿಟ್ಟಿನ ಬಾಲಕ್ಕೆ ಅಪ್ಪಳಿಸುತ್ತದೆಂದೂ, ಕಾಂಕ್ರೀಟು ಪುಡಿಯಾಗುವುದು ಆ ಪೆಟ್ಟಿನಿಂದಲೇ ಹೊರತು ತಿರುಗುವುದರಿಂದಲ್ಲವೆಂದೂ, ಆದಕಾರಣ ಯಂತ್ರವನ್ನು ಒತ್ತುವುದು ಅಜ್ಞಾನಿಗಳ ಲಕ್ಷಣವೆಂದೂ ಸವಿಸ್ತಾರವಾಗಿ ನಿರೂಪಿಸಿ, ಗುಂಡಿಯನ್ನು ಅದುಮಿದ ಮರುಕ್ಷಣವೇ ತಮ್ಮ ದೇಹಭಾರವನ್ನೆಲ್ಲ ಅದರ ಮೇಲೆ ಹೇರಿ ನಿಲ್ಲುತ್ತಾರೆ.

ಅವರ ಯಂತ್ರಕ್ಕೆ ಹಿಡಿಸುವ ಬಿಟ್ಟು ಬಹಳ ದಪ್ಪವೆಂದರೆ 26 ಮಿಲಿಮೀಟರು. ಬೇಕಾದ ಕಂಡಿಯೋ ಅದರ ನಾಲ್ಕುಪಟ್ಟಿಗೂ ಮಿಗಿಲು. ಇದರಿಂದ ಎದೆಗುಂದದೆ, ಮೊಮ್ಮಗನ ಜಾಮಿಟ್ರಿ ಬಾಕ್ಸಿನ ಕೈವಾರದಿಂದ ವೃತ್ತವೊಂದನ್ನು ಬರೆದು, ಅದರ ಪರಿಧಿಯುದ್ದಕ್ಕೂ 16 ಮಿಲಿಮೀಟರಿನ ತೂತುಗಳನ್ನು ಒತ್ತೊತ್ತಾಗಿ ಕೊರೆದು, ನಡುವಿನ ಗಟ್ಟಿಯನ್ನು ಉಳಿಯಿಂದ ಕೆಡವುವ ಯೋಜನೆ ಹೂಡುತ್ತಾರೆ. ಯೋಜನೆ ಶಾಸ್ತ್ರೋಕ್ತವಾದುದೇ, ಸಂದೇಹವಿಲ್ಲ. ಎರಡು ತೂತುಗಳು ನಿರ್ವಿಘ್ನವಾಗಿ ಮುಗಿದು, ಬೂದುಬಣ್ಣದ ಧೂಳು ನೆರೆಮನೆಯ ಸಂಡಿಗೆಯವರೆಗೂ ವ್ಯಾಪಿಸಿರಲಾಗಿ, ಮೂರನೆಯದರಲ್ಲಿ ಕಿರ್ರೆಂಬ ಕರ್ಕಶಧ್ವನಿ ಹೊರಟು, ಬಿಟ್ಟು ಸಿಕ್ಕಿಬಿದ್ದು, ಯಂತ್ರವು ರಾಯರನ್ನೇ ಅರ್ಧ ಸುತ್ತು ತಿರುಗಿಸಿಬಿಡುತ್ತದೆ. ಕ್ಲಚ್ಚು ಜಾರಿತಾಗಿ ಮಣಿಕಟ್ಟು ಉಳಿಯಿತು. ಬಿಟ್ಟಿನ ಕಾರ್ಬೈಡ್ ಮೂತಿ ಮಾತ್ರ ಹಾರಿಹೋಗಿರುತ್ತದೆ.

ರಾಯರು ಕನ್ನಡಕವನ್ನು ಒರೆಸಿಕೊಂಡು, ತೂತಿನೊಳಗೆ ಟಾರ್ಚು ಬಿಟ್ಟು ನೋಡಿ, ನ್ಯಾಯಾಧೀಶರ ಗಾಂಭೀರ್ಯದಿಂದ ನುಡಿಯುತ್ತಾರೆ: “ಇಲ್ಲಿ ಕಂಬಿ ಇರಬಾರದಾಗಿತ್ತು.”

“ಸಾಕು ಬನ್ನೀಂದ್ರೆ, ಸಾರು ಆರ್ತಾ ಇದೆ” ಎಂದು ಕಾಂಪೌಂಡಿನ ಆಚೆಯಿಂದ ಅವರ ಪತ್ನಿ.

ಒಂದು ಮಾತನ್ನು ಅವರ ಪರವಾಗಿ ಹೇಳದಿದ್ದರೆ ಅನ್ಯಾಯವಾದೀತು. ಕಂಬಕ್ಕಾಗಲಿ ತೊಲೆಗಾಗಲಿ, ಎಂಜಿನಿಯರು ಬಂದು ನೋಡಿ ಒಪ್ಪುವವರೆಗೆ, ಅವರು ಬಿಟ್ಟು ತಾಗಿಸುವವರಲ್ಲ. ಏಸಿಯ ಪೈಪಿಗಾಗಿ ಬೀಮಿಗೇ ತೂತಿಡಬೇಕೆಂದ ಬಾಡಿಗೆದಾರ ಹುಡುಗನನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋದುದನ್ನು ಬೀದಿಯೇ ಬಲ್ಲದು.

ಮರುದಿನ ಕೋರ್ ಕಟಿಂಗಿನ ಹುಡುಗನು ಬರುತ್ತಾನೆ. ಅವನದು ಗುದ್ದುವ ಯಂತ್ರವಲ್ಲ. ನೆಲಕ್ಕೆ ಬಿಗಿದ ಸ್ಟ್ಯಾಂಡು, ಅಂಚಿಗೆ ವಜ್ರದ ಹರಳು ಕೂಡಿಸಿದ ಟೊಳ್ಳು ಕೊಳವೆ, ಮೇಲಿಂದ ನೀರು. ಕಾಂಕ್ರೀಟೆಂದಾಗಲಿ ಕಂಬಿಯೆಂದಾಗಲಿ ಭೇದವೆಣಿಸದೆ ಅದು ಒಳಗಿಳಿಯುತ್ತಿರಲು, ರಾಯರು ನೀರಿನ ಪೈಪನ್ನು ಹಿಡಿದು ನಿಂತು, “ನಿಧಾನ, ನಿಧಾನ, ಒತ್ತಬೇಡವಯ್ಯಾ” ಎಂದು ಆಜ್ಞಾಪಿಸುತ್ತಿರುತ್ತಾರೆ. ಸಂಜೆಯ ವಾಯುವಿಹಾರದಲ್ಲಿ ಆ ಕಂಡಿಯು “ನಾವು ಕೊರೆದದ್ದು” ಆಗಿಬಿಡುತ್ತದೆ.

ಹೊರಬಂದ ಕಾಂಕ್ರೀಟಿನ ಉರುಳೆಯನ್ನು ಅವರು ಮನೆಗೆ ಹೊತ್ತು ತಂದು ಟೀಪಾಯಿಯ ಮೇಲೆ ಸ್ಥಾಪಿಸಿದ್ದಾರೆ. ಕಾಫಿಗೆ ಬಂದವರಿಗೆ, ಅದರ ಮೈಯಲ್ಲಿ ಕತ್ತರಿಸಿಹೋಗಿ ಮಿನುಗುವ ಕಂಬಿಯ ತುದಿಯನ್ನು ತೋರಿಸಿ, ಮೇಸ್ತ್ರಿಯ ಅಪರಾಧವನ್ನು ಸಾಕ್ಷ್ಯಸಮೇತ ಸ್ಥಾಪಿಸಿದ ತರುವಾಯ, ಲೋಟವು ಬರಿದಾಗುವುದನ್ನೇ ಕಾದು, ದನಿಯನ್ನು ತಗ್ಗಿಸಿ ಕೇಳುತ್ತಾರೆ: “ಅಂದ ಹಾಗೆ, ನಿಮ್ಮ ಸಂಪಿಗೆ ಓವರ್‌ಫ್ಲೋ ಪೈಪು ಇಟ್ಟಿದ್ದೀರೋ?”