ಮೇಲಿನ ಮಹಡಿಯ ಅಮೆರಿಕದವರಿಗೆ ಗೋಕುಲಂ ಮನೆ ಮಾಲೀಕನ ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಇದನ್ನು ಓದಬಲ್ಲಿರಿ ಎಂಬುದೇ ನನ್ನ ಮೊದಲ ದೂರು. ಮೆಟ್ಟಿಲು ಹತ್ತಿ ಬಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ಇದು ಇಡೀ ಬೀದಿಯ ಮರ್ಯಾದೆಯ ಪ್ರಶ್ನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ. ಕೆಳಮನೆಯಲ್ಲಿ ನನ್ನ ಮೊಮ್ಮಗನೊಬ್ಬನಿಗೆ ಕನ್ನಡ ಓದಲು ಬಾರದು. ಅವನಿಗೆ ಬೇಕಾದರೆ ನಿಮ್ಮ ಮಗಳೇ ಓದಿ ಹೇಳಲಿ.

ಅಮೆರಿಕದವರಿಗೆ ಮನೆ ಕೊಡುವುದು ಮೈಸೂರಿನ ಗೋಕುಲಂನವರಿಗೆ ಹೊಸದಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಪಾಠ ಹೇಳುತ್ತಿದ್ದವರು 1975ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದರು. ಆಮೇಲೆ ಕ್ಯಾಲಿಫೋರ್ನಿಯಾವೇ ಅವರ ಹಿಂದೆ ಬಂತು. 2000ದ ದಶಕದ ಆರಂಭದಲ್ಲಿ ಶಾಲೆ ನಮ್ಮ ಬಡಾವಣೆಗೆ ಬಂದಾಗ ಅವರು ನಿಮಗೆ ಉಸಿರಾಟ ಕಲಿಸಿದರು, ನಾವು ಬಾಡಿಗೆ ಏರಿಸುವುದನ್ನು ಕಲಿತೆವು. ಊರಿನವರಿಗೊಂದು ಬಾಡಿಗೆ, ಚಾಪೆ ಸುತ್ತಿಕೊಂಡು ಬಂದವರಿಗೊಂದು. ವಿದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಸಿ ಫಾರಂ ತುಂಬಬೇಕು ಎಂದರು, ತುಂಬಿದೆ. ನಿಮ್ಮಿಂದ ಮಾಲೀಕನಿಗಾಗುವ ಮುಜುಗರಕ್ಕೆ ಅದರಲ್ಲೊಂದು ಕಾಲಂ ಇದ್ದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ.

ಶ್ರೀಮತಿಯವರು ಯೋಗಕ್ಕೆ, ತಾವು ವಿಶ್ವವಿದ್ಯಾಲಯದ ಸಂಶೋಧನೆಗೆ ಎಂದು ಬಂದಿರಿ. ಸಂತೋಷ. ಆದರೆ ನಸುಕಿನ ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಂಡರೆ ಎಂಟು ಗಂಟೆಗೆ ಏಳುವ ನಾವು ಮುಖ ಎಲ್ಲಿಡೋಣ? ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸ ಇಲ್ಲವೆಂದು ನಿಮಗೆ ತಿಥಿಗಳೆಲ್ಲ ಬಾಯಿಪಾಠ. ಮೊನ್ನೆ ನನ್ನ ಹೆಂಡತಿ, ‘ನಾಳೆ ಅಮಾವಾಸ್ಯೇನಾ?’ ಎಂದು ಕೇಳಿದ್ದು ನಿಮ್ಮ ಹೆಂಡತಿಯನ್ನು! ಕ್ಯಾಲೆಂಡರ್ ನಮ್ಮ ಮನೆಯಲ್ಲೂ ಇದೆ. ಅದರ ತುಂಬ ಹಾಲಿನ ಲೆಕ್ಕವಿದೆ.

ಹೋಗಲಿ, ಅವೆಲ್ಲ ಸಣ್ಣ ವಿಷಯ. ಶಾಲೆಯ ಸಂಗತಿಗೆ ಬರುತ್ತೇನೆ.

ಮಗುವನ್ನು ಯಾವ ಶಾಲೆಗೆ ಹಾಕೋಣ ಎಂದು ಕೇಳಿದಾಗ, ಹೆಸರಿನಲ್ಲೇ ‘ಇಂಟರ್‌ನ್ಯಾಷನಲ್’ ಇರುವ ಶಾಲೆಗೆ ನಾನೇ ಖುದ್ದಾಗಿ ಕರೆದೊಯ್ದೆ. ಅರ್ಜಿಯಲ್ಲಿ ಜಾತಿ ಎಂಬ ಕಡೆ ನೀವು ‘ಅನ್ವಯಿಸುವುದಿಲ್ಲ’ ಎಂದು ಬರೆದಿರಿ. ಗುಮಾಸ್ತರು ಕನ್ನಡಕ ತೆಗೆದು ನಿಮ್ಮನ್ನು ನೋಡಿದರು. ‘ಸಾರ್, ಇದನ್ನ ಕಂಪ್ಯೂಟರ್ ತಗೊಳ್ಳಲ್ಲ.’ ಇತರೆ ಅಂತ ಹಾಕಿ ಎಂದೆ. ‘ಇತರೇಲಿ ಯಾವುದು?’ ಎಂದರು. ಅಕೌಂಟೆಂಟು, ಆಯಾ, ವ್ಯಾನಿನ ಡ್ರೈವರ್ ಎಲ್ಲ ಸೇರಿ ಚರ್ಚೆ ಮಾಡಿದರು. ಕೊನೆಗೆ ಡ್ರೈವರೇ, ‘ಬೆಳ್ಳಗಿದ್ದಾರೆ, ಜನರಲ್ ಹಾಕಿ’ ಎಂದು ತೀರ್ಪು ಕೊಟ್ಟ. ಜನ್ಮದಿನಾಂಕವನ್ನು ನಿಮ್ಮ ರೂಢಿಯಂತೆ 04/07 ಎಂದು ಬರೆದಿರಿ. ಏಪ್ರಿಲ್ 7ರಂದು ಹುಟ್ಟಿದ ಮಗು ನಮ್ಮ ದಾಖಲೆಯಲ್ಲಿ ಜುಲೈ 4ರಂದು ಹುಟ್ಟಿತು. ನಿಮ್ಮ ದೇಶದ ಸ್ವಾತಂತ್ರ್ಯ ದಿನವೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ಪ್ರಾಜೆಕ್ಟ್ ವರ್ಕ್ ಬಂತು. ವಿಷಯ ‘ನಮ್ಮ ಊರು’. ಪ್ರಾಜೆಕ್ಟ್ ಎಂದರೆ ಮಕ್ಕಳು ಮಲಗಿದ ಮೇಲೆ ತಾಯಂದಿರು ಮಾಡುವ ಕೆಲಸ ಎಂದು ಮೊದಲೇ ಎಚ್ಚರಿಸಿದ್ದೆ. ನನ್ನ ಸೊಸೆ ಅಂಗಡಿಯಿಂದ ಥರ್ಮೋಕೋಲ್ ಅರಮನೆ ತಂದಳು. ಗುಮ್ಮಟಕ್ಕೆ ಕೆಂಪು ಗ್ಲಿಟರ್, ಸುತ್ತ ಸೀರಿಯಲ್ ಸೆಟ್ಟು, ಸ್ವಿಚ್ ಹಾಕಿದರೆ ಥೇಟ್ ಭಾನುವಾರದ ಅರಮನೆ. ಮೊಮ್ಮಗನ ಪಾಲಿನ ಕೆಲಸ ಅದರ ಮೇಲೆ ಹೆಸರು ಬರೆಯುವುದಾಗಿತ್ತು, ಅದನ್ನೂ ಸೊಸೆಯೇ ಬರೆದಳು, ಅಕ್ಷರ ದುಂಡಗಿರಲಿ ಎಂದು. ನೀವೋ, ಮಗಳನ್ನು ವರಾಂಡದಲ್ಲಿ ಕೂರಿಸಿ ‘ನೀನೇ ಮಾಡು’ ಎಂದು ಒಳಗೆ ಹೋದಿರಿ. ಆ ಹುಡುಗಿ ನಮ್ಮ ಕ್ರಾಸಿನ ಎಳನೀರು ಗಾಡಿಯನ್ನು ಮಾಡಿತು. ಅಡಿಕೆ ಹಾಳೆಯ ತಟ್ಟೆ ಕತ್ತರಿಸಿ ಗಾಡಿ, ಪೊರಕೆ ಕಡ್ಡಿಯ ಕಂಬ, ಹಸಿ ಬೇವಿನಕಾಯಿಗಳೇ ಎಳನೀರು. ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು. ಗಾಡಿಯ ಪಕ್ಕ ಮಚ್ಚು ಹಿಡಿದ ಜೇಡಿಮಣ್ಣಿನ ಮನುಷ್ಯ, ಅವನ ಮೀಸೆ ಹುಡುಗಿಯದೇ ತಲೆಗೂದಲು. ಅರಮನೆಗೆ ಹತ್ತಕ್ಕೆ ಒಂಬತ್ತು ಬಂತು. ಗಾಡಿಗೆ ನಾಲ್ಕು, ಜತೆಗೆ ಕೆಂಪು ಶಾಯಿಯಲ್ಲಿ ‘ನೀಟ್‌ನೆಸ್ ಸಾಲದು.’ ನಾನು ಟೀಚರ್ ಪರ. ಎಳನೀರಿನವನನ್ನು ನಾವು ದಿನಾ ನೋಡುತ್ತೇವೆ, ಅವನನ್ನು ಶಾಲೆಗೂ ಯಾಕೆ ತರಬೇಕು?

ಇದರಿಂದ ಪಾಠ ಕಲಿತು ಟ್ಯೂಷನ್‌ಗೆ ಸೇರಿಸುವಿರಿ ಎಂದುಕೊಂಡಿದ್ದೆ. ಹೋಗಿ ಹೋಗಿ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುತ್ತೇವೆ ಎಂದಿರಿ! ಅಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಜೋಡಿಸಿಕೊಂಡು ತಂತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದು, ‘ನಮ್ಮಲ್ಲಿ ಇಂಥದ್ದಕ್ಕೆ ಸಿಕ್ಕಾಪಟ್ಟೆ ದುಡ್ಡು ಕೇಳ್ತಾರೆ’ ಎಂದು ನನಗೇ ಹೇಳಿದಿರಿ. ಅದು ನಲಿ-ಕಲಿ ಸ್ವಾಮಿ. ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಕೋಟೆಯ ಕಾಡಂಚಿನ ಮೇಷ್ಟರುಗಳು ಕಟ್ಟಿದ್ದು, ಪುಕ್ಕಟೆ ಬೇರೆ. ಅದು ಚೆನ್ನಾಗಿರಲು ಹೇಗೆ ಸಾಧ್ಯ? ಬಿಸಿಯೂಟ, ಮೊಟ್ಟೆ, 2013ರಿಂದ ಕ್ಷೀರಭಾಗ್ಯದ ಹಾಲು, ಇಷ್ಟೆಲ್ಲ ಕೊಟ್ಟರೂ ನಾವು ಆ ಕಡೆ ತಲೆ ಹಾಕಿಲ್ಲ ಎಂದರೆ ಕಾರಣವಿರಬೇಕಲ್ಲ.

ನಿಮಗೆ ನಮ್ಮ ಇತಿಹಾಸ ತಿಳಿಯದು. 1ರಿಂದ 4ನೇ ತರಗತಿವರೆಗೆ ಮಾತೃಭಾಷೆಯಲ್ಲೇ ಪಾಠ ಆಗಬೇಕೆಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿದಾಗ ನಾವೇನು ಸುಮ್ಮನೆ ಕೂತೆವೇ? ಇಪ್ಪತ್ತು ವರ್ಷ ಹೋರಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದೆವು. ನಮ್ಮ ಮಕ್ಕಳಿಗೆ ನಮ್ಮ ಭಾಷೆಯಿಂದ ಸಿಕ್ಕ ಸ್ವಾತಂತ್ರ್ಯ ಅದು. ಮರುವರ್ಷ ಸರ್ಕಾರ, ಕನ್ನಡವನ್ನು ಒಂದು ವಿಷಯವಾಗಿಯಾದರೂ ಕಲಿಸಿ ಎಂದು ಕಾಯಿದೆ ತಂದಿತು. ಪಾಪ, ತರಲಿ. ಹಾಗೆಂದು ನಮಗೆ ಕನ್ನಡದ ಅಭಿಮಾನ ಇಲ್ಲವೆನ್ನಬೇಡಿ. ಮಹಾರಾಣಿ ಎನ್‌ಟಿಎಂ ಎಂಬ ಕನ್ನಡ ಶಾಲೆಯನ್ನು ಉಳಿಸಿ ಎಂದು ಮೈಸೂರಿನಲ್ಲಿ ವರ್ಷಗಟ್ಟಲೆ ಚಳವಳಿ ನಡೆಯಿತು. ನಾನೂ ಸಹಿ ಹಾಕಿದ್ದೆ. ಮೊಮ್ಮಗನನ್ನು ಅಲ್ಲಿಗೆ ಸೇರಿಸುತ್ತೀರಾ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. 2022ರಲ್ಲಿ ಕಟ್ಟಡವನ್ನೇ ಕೆಡವಿದರು, ಕೇಳುವ ಭಯವೂ ಹೋಯಿತು.

ಅಮೆರಿಕದವರು ಹೇಗಿರಬೇಕು ಎಂಬುದಕ್ಕೆ ನಿಮ್ಮ ಹಿರಿಯರೇ ದಾರಿ ಹಾಕಿಕೊಟ್ಟಿದ್ದಾರೆ. 1963ರಲ್ಲಿ ಮೈಸೂರಿನಲ್ಲಿ ರೀಜನಲ್ ಕಾಲೇಜ್ ಆಫ್ ಎಜುಕೇಶನ್ ಶುರುವಾದಾಗ ಅದಕ್ಕೆ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಸಲಹೆ ಇತ್ತು. ಮೇಷ್ಟರಿಗೇ ಪಾಠ ಹೇಳಿಕೊಟ್ಟ ಜನ! ಅಮೆರಿಕದವರು ಎಂದರೆ ಹಾಗೆ ಕಲಿಸಲು ಬರಬೇಕು. ಕಲಿಯಲು ಬಂದರೆ ನಮಗೆ ಇರುಸುಮುರುಸು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು ಅಲ್ಲಿಯ ವಿದ್ಯಾರ್ಥಿಗಳನ್ನು ಕನ್ನಡ ಕಲಿಯಿರಿ ಎಂದು ಮೈಸೂರಿಗೇ ಕಳಿಸುತ್ತಾರೆ. ಏನು ಕೆಟ್ಟ ಬುದ್ಧಿ ಎನ್ನುತ್ತೇನೆ. ನ್ಯೂಜೆರ್ಸಿಯಲ್ಲಿರುವ ನನ್ನ ಹಿರಿಯ ಮಗ ಬೇರೆ ತನ್ನ ಮಗಳನ್ನು ವಾರವಾರ ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ಕೂಟದ ತರಗತಿಗೆ ಬಿಟ್ಟು ಬರುತ್ತಾನಂತೆ, ಫೀಸು ಕಟ್ಟಿ.

ಈಗ ನೋಡಿ ಪರಿಣಾಮ. ನಿಮ್ಮ ಮಗಳು, ಇಸ್ತ್ರಿ ಗಾಡಿಯವನ ಮಗ, ನನ್ನ ಮೊಮ್ಮಗ ಮೂವರೂ ಸಂಜೆ ಗೇಟಿನ ಮುಂದೆ ಗೋಲಿ ಆಡುತ್ತಾರೆ. ಮೊನ್ನೆಯವರೆಗೆ ‘ಗ್ರ್ಯಾಂಡ್‌ಪಾ’ ಎನ್ನುತ್ತಿದ್ದವನು ನೆಂಟರೆದುರಿಗೇ ‘ತಾತಾ, ಇವ್ನು ಮೋಸ ಮಾಡ್ತಾವ್ನೆ’ ಎಂದು ಕೂಗಿದ. ಇದೇ ಮಾತು ಶಾಲೆಯಲ್ಲೂ ಬಾಯಿಗೆ ಬಂದಿದೆ. ಅಲ್ಲಿ ಕನ್ನಡ ಆಡಿದರೆ ದಂಡ. ಈ ತಿಂಗಳ ದಂಡದ ಚೀಟಿಗಳನ್ನು ಲಗತ್ತಿಸಿದ್ದೇನೆ, ಮೊತ್ತವನ್ನು ನಿಮ್ಮ ಬಾಡಿಗೆಗೆ ಸೇರಿಸಿದ್ದೇನೆ.

ಹನ್ನೊಂದು ತಿಂಗಳ ಕರಾರು ಮುಗಿಯುತ್ತಾ ಬಂತು. ಹೊಸ ಕರಾರಿನಲ್ಲಿ ಒಂದೇ ಒಂದು ಷರತ್ತು ಸೇರಿಸಿದ್ದೇನೆ: ಸದರಿ ಬಾಡಿಗೆದಾರರ ಮಗಳು ಮನೆಯ ಆವರಣದಲ್ಲಿ ಮಾಲೀಕರ ಮೊಮ್ಮಗನೊಡನೆ ಇಂಗ್ಲಿಷಿನಲ್ಲಿಯೇ, ಅದೂ ಅಮೆರಿಕದ ಉಚ್ಚಾರಣೆಯಲ್ಲಿಯೇ ಮಾತನಾಡತಕ್ಕದ್ದು. ನವೆಂಬರ್ 1ರಂದು ಮಾತ್ರ ವಿನಾಯಿತಿ ಉಂಟು. ಅಂದು ನಮ್ಮ ಬಡಾವಣೆಯ ರಾಜ್ಯೋತ್ಸವದ ವೇದಿಕೆಯಲ್ಲಿ ಮಗು ಕನ್ನಡದಲ್ಲಿ ನಾಲ್ಕು ಮಾತಾಡಬೇಕು, ಶಾಲು ಹೊದಿಸಿ ಫೋಟೋ ತೆಗೆಸುತ್ತೇವೆ.

ಕರಾರನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿಸಿದ್ದೇನೆ. ತಪ್ಪಿದ್ದರೆ ತಿದ್ದಿ, ಭಾನುವಾರದೊಳಗೆ ಸಹಿ ಮಾಡಿ ಕೆಳಗೆ ಕಳಿಸಿಕೊಡಿ.

ಇಂತಿ,
ನಿಮ್ಮ ಹಿತಚಿಂತಕ,
ಮನೆ ಮಾಲೀಕ