ಮಾತಾಡುವಷ್ಟು ಉಸಿರು

ಓಟ ಕಲಿಸುವವರು ಹೊಸಬರಿಗೆ ಹೇಳಿಕೊಡುವ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಓಡುತ್ತಾ ಪಕ್ಕದವರ ಜೊತೆ ಮಾತಾಡಬೇಕು, ಅಷ್ಟೇ. ಪೂರ್ತಿ ವಾಕ್ಯ ಬಂದರೆ ವೇಗ ಸರಿಯಾಗಿದೆ. ಹಾಡು ಹೇಳುವಷ್ಟು ಆರಾಮಾಗಿದ್ದರೆ ಇನ್ನೂ ಸ್ವಲ್ಪ ಜೋರಾಗಿ ಹೋಗಬಹುದು. ಒಂದೊಂದೇ ಪದ ಉದುರುತ್ತಿದ್ದರೆ ಕಾಲಿಗೆ ದುರಾಸೆ ಬಂದಿದೆ ಎಂದರ್ಥ. ಹಲಸೂರು ಕೆರೆಯ ಸುತ್ತ ಬೆಳಗಿನ ಹೊತ್ತು ಓಡುವ ನಮ್ಮ ತಂಡಕ್ಕೆ ಈ ನಿಯಮ ಬಹಳ ಹಿಡಿಸಿತು. ಮಾತಿನ ಪರೀಕ್ಷೆಯಲ್ಲಿ ನಮ್ಮಲ್ಲಿ ಯಾರೂ ಇದುವರೆಗೆ ಫೇಲಾದವರಲ್ಲ. ಓಟದ ವಿಷಯ ಬೇರೆ.

ತಂಡದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಯರಿದ್ದಾರೆ, ಶಿವಾಜಿನಗರದಲ್ಲಿ ಗುಜರಿ ಅಂಗಡಿ ಇಟ್ಟಿರುವ ಭಾಯ್ ಇದ್ದಾರೆ, ಮರ್ಫಿ ಟೌನಿನ ತಮಿಳು ಮೇಷ್ಟ್ರಿದ್ದಾರೆ, ಕೆ.ಆರ್. ಪುರದಿಂದ ಬರುವ ಸಾಫ್ಟ್‌ವೇರ್ ಹುಡುಗಿಯೊಬ್ಬಳಿದ್ದಾಳೆ. ದಂಡಿನ ಕಡೆಯವರು ಒಂದೇ ಭಾಷೆಯಲ್ಲಿ ಹೊರಟು ಅದೇ ಭಾಷೆಯಲ್ಲಿ ಮುಗಿಸುವುದುಂಟೇ? ಗುರುದ್ವಾರ ದಾಟುವವರೆಗೆ ಎಲ್ಲರದೂ ಇಂಗ್ಲಿಷ್: ಪೇಸು, ಹಾರ್ಟ್‌ರೇಟು, ರಿಕವರಿ. ಉಸಿರು ಸ್ವಲ್ಪ ಬಿಗಿಯಾಯಿತೋ, ಮೊದಲು ಉದುರುವುದು ಈ ಇಂಗ್ಲಿಷ್. ಆಮೇಲೆ ಆಫೀಸಿನ ಹಿಂದಿ. ಆಗ ರಾಯರು ಶುದ್ಧ ಕನ್ನಡಕ್ಕೆ, ಮೇಷ್ಟ್ರು ತಮಿಳಿಗೆ, ಭಾಯ್ ದಖನಿಗೆ ಇಳಿಯುತ್ತಾರೆ. ಯಾರ ಮಾತು ಯಾರಿಗೆ ಅರ್ಥವಾಯಿತೆಂಬ ಗೊಡವೆ ಇಲ್ಲ. ಕೊನೆಗೆ ಉಳಿಯುವುದು ‘ಅಮ್ಮಾ’ ಒಂದೇ. ಅದು ಯಾವ ಭಾಷೆಯದೆಂದು ಕೇಳುವಷ್ಟು ಉಸಿರು ಆ ಹೊತ್ತಿಗೆ ಯಾರಲ್ಲೂ ಇರುವುದಿಲ್ಲ.

ಈ ಪರೀಕ್ಷೆಯಲ್ಲಿ ನಮ್ಮನ್ನೂ ಮೀರಿಸಿದವರು ಕೆರೆಯ ಪಕ್ಕದಲ್ಲೇ ಇದ್ದಾರೆ: ಎಂ.ಇ.ಜಿ.ಯ ಸೈನಿಕರು. 1780ರಷ್ಟು ಹಿಂದಿನ ಚರಿತ್ರೆಯ ಮದ್ರಾಸ್ ಸ್ಯಾಪರ್ಸ್ ಇವರು. ಸೈನ್ಯದಲ್ಲಿ ‘ತಂಬಿ’ಗಳೆಂದೇ ಹೆಸರು. ಬೂಟು ತೊಟ್ಟು ಸಾಲಾಗಿ ಓಡುತ್ತಾರೆ, ಮೇಲಿಂದ ಒಕ್ಕೊರಲಿನ ಘೋಷಣೆ ಬೇರೆ. ಅವರು ಎದುರಾದಾಗ ರಾಯರು ಎದೆ ಉಬ್ಬಿಸಿ ಹತ್ತು ಹೆಜ್ಜೆ ಅವರ ಲಯಕ್ಕೇ ಓಡುತ್ತಾರೆ. ಹನ್ನೊಂದನೆಯದಕ್ಕೆ ಲೇಸು ಬಿಚ್ಚಿಕೊಂಡ ನೆಪ. 1809ರಲ್ಲಿ ಇಂಗ್ಲಿಷರು ಇಲ್ಲಿ ದಂಡು ಕಟ್ಟಿದಾಗ ಈ ಬಯಲುಗಳಲ್ಲಿ ಓಡುತ್ತಿದ್ದವರಿಗೆ ಸಂಬಳ ಸಿಗುತ್ತಿತ್ತು. ಈಗ ಅದೇ ರಸ್ತೆಗಳಲ್ಲಿ ಓಡಲು ನಾವು ಫೀಸು ಕಟ್ಟಿ ಎದೆಗೆ ನಂಬರು ಚುಚ್ಚಿಕೊಳ್ಳುತ್ತೇವೆ.

ಬಿಟ್ಟಿಯಾಗಿ ಓಡಬೇಕೆಂದರೆ ಶಿವಾಜಿನಗರ ಬಸ್ ನಿಲ್ದಾಣಕ್ಕೆ ಹೋಗಬೇಕು. ಸ್ವೀಡನ್ನಿನ ಗೋಸ್ಟಾ ಹೋಲ್ಮರ್ ಎಂಬ ತರಬೇತುದಾರ 1930ರ ದಶಕದಲ್ಲಿ ‘ಫಾರ್ಟ್‌ಲೆಕ್’ ಎಂಬ ಕ್ರಮ ರೂಪಿಸಿದರು. ಗಡಿಯಾರ ನೋಡದೆ, ಮನಸ್ಸು ಬಂದಾಗ ಜೋರಾಗಿ ಓಡುವುದು, ಬೇಡವೆನಿಸಿದಾಗ ಕುಂಟುತ್ತಾ ಸಾಗುವುದು, ಮತ್ತೆ ಜೋರು. 1927ರ ರಸೆಲ್ ಮಾರುಕಟ್ಟೆಯಿಂದ ತರಕಾರಿ ಹೊತ್ತು ಬರುವ ನಮ್ಮ ಹೆಂಗಸರು ಇದನ್ನು ಯಾರಿಂದಲೂ ಕಲಿತವರಲ್ಲ. ಬಸ್ಸು ನಿಂತಂತೆ ಮಾಡುತ್ತದೆ, ಇವರು ಎರಡು ಕೈಯಲ್ಲೂ ಬ್ಯಾಗು ಹಿಡಿದು ಹಾರುತ್ತಾರೆ; ಬೋರ್ಡು ಬೇರೆಯದೆಂದು ಗೊತ್ತಾಗಿ ನಿಲ್ಲುತ್ತಾರೆ; ಅಷ್ಟರಲ್ಲಿ ಹಿಂದೆ ಇನ್ನೊಂದು. ಹೋಲ್ಮರ್ ಅವರ ಓಟಗಾರರ ಕೈಯಲ್ಲಿ ಕುಂಬಳಕಾಯಿ ಇರಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಪದ್ಧತಿಯೇ ಮೇಲು ಎಂದು ನನ್ನ ತೀರ್ಮಾನ.

ಸಾಫ್ಟ್‌ವೇರ್ ಹುಡುಗಿಯ ಓಟದ ಮೂಲ ಮೆಟ್ರೊ. 2023ರ ಮಾರ್ಚಿ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಬಂತು. ಬೈಯಪ್ಪನಹಳ್ಳಿಯಿಂದ ಈಚೆಗೆ ಅದಕ್ಕೂ ಮೊದಲೇ ಇತ್ತು. ನಡುವಿನ ಸುಮಾರು 2 ಕಿಲೋಮೀಟರ್ ಕೂಡಿಕೊಂಡದ್ದು ಅಕ್ಟೋಬರ್ 9ಕ್ಕೆ. ಅಲ್ಲಿಯತನಕ ಟಿನ್ ಫ್ಯಾಕ್ಟರಿಯ ಹೊಗೆಯಲ್ಲಿ ಬಸ್ಸಿಗೆ ಕಾಯುವ ಬದಲು ಓಡಿಯೇ ಬಿಡುತ್ತಿದ್ದಳಂತೆ. “ಲೈನು ಸೇರಿದ ಮೇಲೆ ತೂಕ ಜಾಸ್ತಿ ಆಯ್ತು ಅಂಕಲ್” ಎಂದು ರಾಯರಲ್ಲಿ ದುಃಖ ತೋಡಿಕೊಂಡಳು.

ರಾಯರ ದುಃಖ ಗಡಿಯಾರದ್ದು. ಮಗ ಕೊಡಿಸಿದ ಸ್ಮಾರ್ಟ್‌ವಾಚು ನಾಡಿ ಎಣಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿದೀತು ಎಂಬ ಅಂದಾಜು ಸಿಗುತ್ತದೆ. ಸರಾಸರಿಯ ಲೆಕ್ಕ ಅದು. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆಚೀಚೆ. ರಾಯರಿಗೆ 62, ಉತ್ತರ 158. ಆದರೆ ವಯಸ್ಸು ಕೇಳಿದಾಗ ಅವರು ಗಾಂಭೀರ್ಯದಿಂದ 45 ಎಂದು ಒತ್ತಿದ್ದರು. ವಾಚು 175 ಎಂದು ನಂಬಿ, ಪಾಪ, ರಾಯರು ಏದುಸಿರು ಬಿಡುತ್ತಿದ್ದಾಗಲೂ ‘ಇನ್ನೂ ಜೋರಾಗಿ’ ಎಂದು ಗುಂಯ್‌ಗುಟ್ಟುತ್ತಿತ್ತು. ಭಾಯ್ ನೋಡಿ, “ಏನ್ ಸಾರ್, ಮಾತ್ ಬಂದ್ ಆಯ್ತಲ್ಲ? ನಿಲ್ಸಿ, ನಿಲ್ಸಿ” ಎಂದರು. ಭಾಯ್ ಕೈಯಲ್ಲಿ ಯಾವ ವಾಚೂ ಇಲ್ಲ.

ನಿಧಾನವೇ ಓಟದ ಬಂಡವಾಳ ಎಂದು ಜಗತ್ತಿಗೆ ಕಲಿಸಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಮಾತಾಡುತ್ತಾ ದೀರ್ಘವಾಗಿ ಓಡಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. 1962ರಲ್ಲಿ ಅಮೆರಿಕದ ಬಿಲ್ ಬೋವರ್ಮನ್ ಆಕ್ಲೆಂಡಿನಲ್ಲಿ ಲಿಡಿಯಾರ್ಡ್ ಕಡೆಯ ಗುಂಪಿನೊಡನೆ ಓಡಲು ಹೋದರು. ಒರೆಗಾನ್ ವಿಶ್ವವಿದ್ಯಾಲಯದ ಹೆಸರಾಂತ ಕೋಚ್ ಅವರು. ಹೃದಯಾಘಾತ ಕಂಡಿದ್ದ ಒಬ್ಬ ಅಜ್ಜ ಅವರನ್ನು ಹಿಂದೆ ಹಾಕಿ, ಮೇಲಾಗಿ ಹರಟುತ್ತಾ ಜೊತೆಗೂ ನಿಂತ. ಬೋವರ್ಮನ್ ಊರಿಗೆ ಮರಳಿ ಅಮೆರಿಕಕ್ಕೆ ಜಾಗಿಂಗ್ ಕಲಿಸಿದರು, ನೈಕಿ ಕಂಪನಿಯ ಸ್ಥಾಪಕರಲ್ಲೂ ಒಬ್ಬರಾದರು. ಅಜ್ಜ ಕೊಟ್ಟ ಪಾಠಕ್ಕೆ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಇವತ್ತಿಗೂ ನಾವು ಕಂತು ಕಟ್ಟುತ್ತಿದ್ದೇವೆ.

ಇಷ್ಟೆಲ್ಲ ತಿಳಿದುಕೊಂಡು ನಮ್ಮ ತಂಡ ಹೋದ ಸಲ ವರ್ಲ್ಡ್ 10ಕೆಗೆ ಇಳಿಯಿತು. 2008ರಲ್ಲಿ ಶುರುವಾದ ಈ ಓಟದಲ್ಲಿ ಲೋಕದ ಘಟಾನುಘಟಿಗಳು ಮುಂದಿರುತ್ತಾರೆ, ನಾವೆಲ್ಲಿರುತ್ತೇವೆಂದು ಹೇಳಬೇಕಿಲ್ಲ. ನಮ್ಮ ಮುಂದೆ, ಬೆನ್ನಿಗೆ ಬಾವುಟ ಕಟ್ಟಿಕೊಂಡ ಒಬ್ಬ ಪೇಸರ್ ಹುಡುಗ. ಹೇಳಿದ ಹೊತ್ತಿಗೆ ಸರಿಯಾಗಿ ಗುರಿ ಮುಟ್ಟಿಸುವುದು ಅವನ ಕೆಲಸ. ಹಿಂದೆ ನೂರಾರು ಜನ ಅವನ ಬಾವುಟವನ್ನೇ ನಂಬಿ ಬರುತ್ತಿದ್ದರು. ಭಾಯ್ ಪಾಯಾ ಸೂಪಿನ ಮಹಿಮೆ ಎತ್ತಿದ್ದರು. ಕುರಿಯ ಕಾಲನ್ನು ರಾತ್ರಿಯಿಡೀ ಬೇಯಿಸಿ ಬೆಳಿಗ್ಗೆ ಕುಡಿದರೆ ಮಂಡಿ ನೋವು ಹತ್ತಿರ ಸುಳಿಯುವುದಿಲ್ಲವಂತೆ. ಕುರಿಗೆ ಅದರಿಂದೇನು ಉಪಯೋಗವಾಯಿತು ಎಂದು ಮೇಷ್ಟ್ರು ಕೇಳಿದರು. ನಮಗೆ ನುಗ್ಗೆಕಾಯಿ ಸಾರೇ ಪಾಯಾ ಎಂದರು ರಾಯರು. ಭಾಯ್ ಬಿಡದೆ ಮೆಣಸಿಗೆ, ಪರೋಟಕ್ಕೆ, ಶಿವಾಜಿನಗರದ ಯಾವುದೋ ಗಲ್ಲಿಗೆ ಬಂದರು. ಬಾವುಟ ನಿಧಾನವಾಯಿತು. ಹುಡುಗ ನಮ್ಮ ಸಾಲಿಗೇ ಬಂದು, “ಸಾರ್, ಆ ಅಂಗಡಿ ಎಷ್ಟ್ ಗಂಟೆವರ್ಗೂ ತೆಗ್ದಿರುತ್ತೆ?” ಎಂದ.