ಮಂತ್ರಿಗಳ ಮಾರ್ಜಾಲಾವತಾರ

ಮುಖವೆಂಬುದು ಮನುಷ್ಯನ ಸ್ವಂತ ಆಸ್ತಿಯೆಂದು ನಂಬಿದ್ದ ಕಾಲವೊಂದಿತ್ತು. ಈಗಲಾದರೋ ಫೋನು ಕಣ್ಣು, ಮೂಗು, ತುಟಿಗಳ ಅಂಚಿನಲ್ಲಿ ಬಿಂದುಗಳನ್ನು ಗುರುತಿಸಿ, ನಾವು ತಲೆಯಾಡಿಸಿದಂತೆಲ್ಲ ಅವುಗಳ ಬೆನ್ನುಹತ್ತಿ, ಅಲ್ಲಿ ನಾಯಿಯ ಕಿವಿಯನ್ನೋ ಬೆಕ್ಕಿನ ಮೀಸೆಯನ್ನೋ ನೆಟ್ಟುಬಿಡುತ್ತದೆ. 2019ರ ಜೂನ್ ತಿಂಗಳಲ್ಲಿ ಪಾಕಿಸ್ತಾನದ ಪೇಶಾವರದಲ್ಲಿ ಮಂತ್ರಿ ಶೌಕತ್ ಯೂಸುಫ್‌ಜಾಯ್ ಅವರು ಪತ್ರಕರ್ತರೆದುರು ಪರಮ ಗಾಂಭೀರ್ಯದಿಂದ ಮಾತನಾಡುತ್ತಿರಲು, ಅವರ ಪಕ್ಷದ ಫೇಸ್‌ಬುಕ್ ನೇರಪ್ರಸಾರದಲ್ಲಿ ಅವರ ಶಿರಸ್ಸಿನ ಮೇಲೆ ಕಿವಿಗಳೂ ಕಪೋಲಗಳ ಮೇಲೆ ಮಾರ್ಜಾಲದ ಮೀಸೆಗಳೂ ತಾವಾಗಿ ಚಿಗುರಿದವು. ಅದು ಶ್ರಮಜೀವಿಯಾದ ಕಾರ್ಯಕರ್ತನೊಬ್ಬನ ಕೈತಪ್ಪೆಂದು ಪಕ್ಷವು ಸಾರಿತು. ಮಂತ್ರಿಗಳಾದರೋ ತಮ್ಮ ಪಕ್ಕದ ಇಬ್ಬರು ಅಧಿಕಾರಿಗಳಿಗೂ ಅದೇ ಗತಿಯಾಯಿತೆಂದು ತಿಳಿಸಿದರು. ಬೆಕ್ಕಾದರೇನು, ಪರಿವಾರವಿಲ್ಲದೆ ರಾಜಕಾರಣವುಂಟೆ!

ವರ್ತಕರು ಈ ವಿದ್ಯೆಯ ಮರ್ಮವನ್ನು ಮೊದಲೇ ಅರಿತಿದ್ದರು. 2016ರ ಮೇ ತಿಂಗಳಲ್ಲಿ ಅಮೆರಿಕದ ಟಾಕೋ ಬೆಲ್ ಎಂಬ ಭೋಜನಸಂಸ್ಥೆಯು ಸ್ನ್ಯಾಪ್‌ಚಾಟ್‌ನಲ್ಲಿ ಜನರ ತಲೆಯನ್ನೇ ತನ್ನ ತಿಂಡಿಯನ್ನಾಗಿ ಮಾರ್ಪಡಿಸಲು, ಒಂದೇ ದಿನದಲ್ಲಿ ಅದನ್ನು ನೋಡಿದ್ದು 22.4 ಕೋಟಿ ಸಲ. ಗೋಡೆಯ ಮೇಲೆ ಜಾಹೀರಾತು ಬರೆಸುವವನು ಮನೆಯೊಡೆಯನಿಗೆ ನಾಲ್ಕು ಕಾಸು ಕೊಡುವುದುಂಟು. ಇಲ್ಲಿ ತಲೆಯೊಡೆಯನು ಬಾಡಿಗೆ ಕೇಳುವುದಿರಲಿ, ತಾನೇ ನಗುನಗುತ್ತ ಅದನ್ನು ಬಂಧುಮಿತ್ರರಿಗೆಲ್ಲ ಹಂಚಿದನು. 2018ರಲ್ಲಿ ಟ್ವಿಚ್ ಎಂಬ ಜಾಲತಾಣದ ನೇರಪ್ರಸಾರಕರಿಗೂ ಈ ಮುಖವಾಡಗಳು ಒದಗಿದ ಬಳಿಕ, ಚಂದಾದಾರನೊಬ್ಬನು ಬಂದೊಡನೆ ಆತನ ಗೌರವಾರ್ಥವಾಗಿ ಆತಿಥೇಯನ ಮೋರೆಯೇ ಬದಲಾಗತೊಡಗಿತು.